ನಾರಾಯಣಪುರದ ದಾರಿಯಲ್ಲಿ ಕೇಳಿದ ಮಾತು

ಶಹಾಪುರದಲ್ಲಿ ನನ್ನದೊಂದು ರೊಟ್ಟಿ ಕೇಂದ್ರವಿದೆ. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಯಂಥ ಚಟ್ನಿಪುಡಿ ಮಾಡಿ ಯಾದಗಿರಿ, ಕಲಬುರಗಿ, ಹೈದರಾಬಾದಿನ ತನಕ ಕಳಿಸುತ್ತೇವೆ. ಮೊದಲು ಮನೆಯ ಅಡುಗೆ ಒಲೆಯ ಮುಂದೆ ನಾನೊಬ್ಬಳೇ ರೊಟ್ಟಿ ಬಡಿಯುತ್ತಿದ್ದೆ. ಈಗ ತಗಡಿನ ದೊಡ್ಡ ಶೆಡ್ಡು, ಸಾಲು ಒಲೆಗಳು, ಸುತ್ತಲಿನ ಹಳ್ಳಿಗಳಿಂದ ಮತ್ತು ಭೀಮರಾಯನಗುಡಿಯ ಕಡೆಯಿಂದ ಬರುವ ಹೆಂಗಸರು. ನಾನು ಒಲೆಯ ಮುಂದೆ ಕೂತು ಎಷ್ಟೋ ವರ್ಷವಾಯಿತು. ನನಗೀಗ ಒಂದು ಖೋಲಿ, ಒಂದು ಮೇಜು, ಎದುರಿಗೆ ಯಾವಾಗಲೂ ಒಬ್ಬರಲ್ಲ ಒಬ್ಬರು: ಲೆಕ್ಕ ಬರೆಯುವವರು, ಮಾಲು ಒಯ್ಯಲು ಬಂದ ಡ್ರೈವರ್, ಅಂಗಡಿಯ ಸಾಹುಕಾರರು.

ಹೊರಗಿನಿಂದ ಯಾರಾದರೂ ಕೇಂದ್ರ ನೋಡಲು ಬಂದರೆ ನಾನು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೆ. "ನೋಡ್ರಿ, ನಮ್ಮ ಹೆಣ್ಣಮಕ್ಕಳು ಕುಂತ್ರ ಕೆಲಸ ಮುಗಿಯೋ ತನಕ ಏಳಂಗಿಲ್ಲ." ಬಂದವರು ತಲೆದೂಗುತ್ತಿದ್ದರು. ನನಗೆ ಎದೆ ಉಬ್ಬುತ್ತಿತ್ತು.

ಪ್ರವಾಸದ ವಿಚಾರ ತಲೆಗೆ ಹಾಕಿದವರು ಹೈದರಾಬಾದಿನ ಗಿರಾಕಿಯೊಬ್ಬರು. ದೊಡ್ಡ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರನ್ನೂ ಎಲ್ಲಿಗಾದರೂ ಕರೆದೊಯ್ಯುತ್ತಾರೆ, ಜನರಿಗೆ ಸಂಸ್ಥೆಯ ಮೇಲೆ ಪ್ರೀತಿ ಬರುತ್ತದೆ, ಫೋಟೋ ಹಾಕಿದರೆ ಹೆಸರೂ ಬರುತ್ತದೆ ಎಂದರು. ಎಳ್ಳಮಾವಾಸ್ಯೆ ಮುಗಿದು ಕೆಲಸ ಸ್ವಲ್ಪ ಹಗುರಾದ ವಾರದಲ್ಲಿ ನಾನೇ ದಿನ ಗೊತ್ತುಮಾಡಿದೆ, ನಾನೇ ಜಾಗ ಆರಿಸಿದೆ. ನಾರಾಯಣಪುರದ ಡ್ಯಾಮು. ಎಲ್ಲರಿಗೂ ಒಂದೇ ಬಣ್ಣದ ಸೀರೆ ಕೊಡಿಸಿದೆ. ಅವರನ್ನು ಒಂದು ಮಾತೂ ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ. ಖುಷಿಯ ಸಂಗತಿಗೆ ಯಾರ ಒಪ್ಪಿಗೆ ಬೇಕು?

ಬಾಡಿಗೆಯ ಮಿನಿ ಬಸ್ಸಿನಲ್ಲಿ ನಾನು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತೆ. ಪಕ್ಕದ ಜಾಗ ಖಾಲಿ ಇದ್ದರೂ ಯಾರೂ ಬಂದು ಕೂರಲಿಲ್ಲ. ಹಿಂದೆ ಒಂದೊಂದು ಸೀಟಿನಲ್ಲಿ ಮೂವರು ಒತ್ತಿಕೊಂಡು ಕೂತಿದ್ದರು. ಊರು ದಾಟಿದ ಮೇಲೆ ಹಾಡು ಶುರುವಾಯಿತು. ಶೆಡ್ಡಿನಲ್ಲಿ ಬಾಯಿ ಬಿಡದವರೆಲ್ಲ ಹಾಡುತ್ತಿದ್ದರು, ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು, ನೀರಿನ ಬಾಟಲಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನು ತಿರುಗಿ ನೋಡಿದಾಗಲೆಲ್ಲ ದನಿ ಅರ್ಧಕ್ಕೆ ಇಳಿಯುತ್ತಿತ್ತು. ಹಾಗಾಗಿ ಹೆಚ್ಚು ಹೊತ್ತು ಮುಂದೆಯೇ ನೋಡುತ್ತ ಕೂತೆ.

ಸುರಪುರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಹುಣಸಗಿಯ ರಸ್ತೆ ಹಿಡಿದ ಮೇಲೆ ಹಿಂದಿನಿಂದ ಡ್ರೈವರನಿಗೆ ಕೂಗು ಬಂತು, ಅಣ್ಣಾ ಸ್ವಲ್ಪ ನಿಂದರಸ್ರಿ ಅಂತ. ಜಾಲಿ ಕಂಟಿಗಳ ಮರೆಗೆ ನಾಲ್ಕಾರು ಮಂದಿ ಇಳಿದುಹೋಗಿ ನಗುತ್ತ ಬಂದರು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೂಗು. ಕಾಲುವೆ ದಾಟಿದ ಮೇಲೆ ಮತ್ತೆ. ನನಗೆ ರೇಗಿತು. ಊಟದ ಹೊತ್ತಿಗೆ ಡ್ಯಾಮು ಮುಟ್ಟಬೇಕು, ಬಿಸಿಲು ಇಳಿಯುವ ಮುಂಚೆ ಫೋಟೋ ಆಗಬೇಕು.

"ಏನ್ರೆವ್ವಾ ಇದು? ಅಲ್ಲಿ ಮುಂಜಾನಿಂದ ಸಂಜಿತನಕ ಒಬ್ಬಾಕಿನೂ ಏಳಂಗಿಲ್ಲ. ಇಲ್ಲಿ ಗಳಿಗಿಗೊಮ್ಮಿ ಬಸ್ ನಿಂದರಸಾಕತ್ತೀರಿ" ಅಂದೆ.

ಯಾರೋ ನಕ್ಕರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರೂ ದೊಡ್ಡವ್ವ ಎಂದು ಕರೆಯುವವಳು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು.

"ಅಲ್ಲಿ ನಾವು ನೀರ ಕುಡಿಯಂಗಿಲ್ರಿ ಅಕ್ಕಾರ. ಇವತ್ತ ಕುಡದೀವಿ."

"ಯಾಕ? ಫಿಲ್ಟರ್ ನೀರು ಇಟ್ಟೀನಲ್ಲ?"

"ನೀರಿಂದೇನಿಲ್ರಿ. ಕುಡದ್ರ ಒಂದಕ್ಕ ಹೋಗಬೇಕಾಗ್ತದ. ಸಂಡಾಸಿನ ಚಾವಿ ನಿಮ್ಮ ಖೋಲ್ಯಾಗ ಇರ್ತದ. ಅಲ್ಲಿ ಗಂಡಸರು ಕುಂತಿರ್ತಾರ."

ಶೆಡ್ಡಿನ ಹಿಂದೆ ಸಂಡಾಸು ಕಟ್ಟಿಸಿದ್ದು ನಾನೇ. ರಸ್ತೆ ಬದಿಯ ಅಂಗಡಿಯವರು ಬಂದು ಹೊಲಸು ಮಾಡುತ್ತಾರೆಂದು ಕೀಲಿ ಹಾಕಿಸಿ, ಚಾವಿಯನ್ನು ನನ್ನ ಕುರ್ಚಿಯ ಹಿಂದಿನ ಮೊಳೆಗೆ ತೂಗುಹಾಕಿದ್ದೆ. ಹೆಂಗಸರಿಗೆ ಶುಚಿಯಾಗಿ ಇರಲಿ ಎಂದೇ ಹಾಗೆ ಮಾಡಿದ್ದು.

"ನೀವು ಕೇಳಿದ್ರ ನಾ ಒಲ್ಲೆ ಅಂತಿದ್ನಾ?" ಅಂದೆ. ನನ್ನ ದನಿ ಏರಿತ್ತು.

"ಇಲ್ರಿ, ಕೊಡ್ತಿದ್ರಿ. ಆದ್ರ ಕೇಳಬೇಕಲ್ರಿ" ಅಂದಳು ದೊಡ್ಡವ್ವ.

ಹಿಂದಿನ ಸೀಟಿನಿಂದ ಇನ್ನೊಬ್ಬಳು, ಮನೆಯಲ್ಲಿ ಮುಂಜಾನೆ ಚಹಾ ಕೂಡ ಅರ್ಧ ಕಪ್ ಮಾತ್ರ ಕುಡಿದು ಬರುತ್ತೇವೆ ಎಂದಳು. ಅದನ್ನು ದೂರಿನ ಹಾಗೆ ಹೇಳಲಿಲ್ಲ. ಬಿಸಿಲಿಗೆ ತಲೆ ಮೇಲೆ ಸೆರಗು ಹೊದೆಯುತ್ತೇವೆ ಅನ್ನುವಷ್ಟು ಸಹಜವಾಗಿ ಹೇಳಿದಳು. ಬೇಸಿಗೆಯಲ್ಲಿ ನಮ್ಮ ತಗಡಿನ ಶೆಡ್ಡಿನ ಒಳಗೆ, ಉರಿಯುವ ಒಲೆಗಳ ಮುಂದೆ ಒಂದು ಗಳಿಗೆ ನಿಂತರೆ ನನಗೆ ತಲೆ ತಿರುಗುತ್ತದೆ. ಆ ಶೆಡ್ಡಿನಲ್ಲಿ ಅವರು ಗಂಟಲು ಒಣಗಿಸಿಕೊಂಡು ಕೂರುತ್ತಿದ್ದರು.

ಬಸ್ಸು ಹೊರಟಿತು. ದೊಡ್ಡವ್ವ ಎದ್ದು ಬಂದು ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕೂತಳು.

"ಸಿಟ್ಟಿಗೇಳಬ್ಯಾಡ್ರಿ. ಹೆಂಗೂ ಮಾತು ಬಂದದ, ಅದಕ್ಕ ಹೇಳತೀನಿ. ಬಳಿಚಕ್ರದಾಕಿ ಬಿಟ್ಟು ಹೋಗಿದ್ದು ಇದಕ್ಕೇರಿ."

ಬಳಿಚಕ್ರ ತವರಿನ ಆ ಹುಡುಗಿ ನಮ್ಮಲ್ಲಿ ಎಲ್ಲರಿಗಿಂತ ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದಳು. ದಸರೆಯ ದೊಡ್ಡ ಆರ್ಡರಿನ ನಡುವೆ, ಮೈಯಲ್ಲಿ ಆರಾಮಿಲ್ಲ ಎಂದು ಹೋದವಳು ತಿರುಗಿ ಬರಲಿಲ್ಲ. ಯಾದಗಿರಿಯ ಇನ್ನೊಂದು ಕೇಂದ್ರ ಸೇರಿರಬೇಕು ಎಂದುಕೊಂಡಿದ್ದೆ. ಎಲ್ಲರ ಮುಂದೆ ನಿಂತು, ಕೆಲಸ ಕಲಿಸಿದವರ ನೆನಪೇ ಇಲ್ಲದ ಜನ ಎಂದು ಬೈದಿದ್ದೆ. ಈ ಹೆಂಗಸರೆಲ್ಲ ಆಗ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದರು.

"ಒಂದಕ್ಕ ಹೋದ್ರ ಉರಿ, ರಕ್ತ ಬೀಳತಿತ್ತು. ದಿನಾ ನೀರ ಕುಡಿಯಂಗಿಲ್ಲೇನವ್ವಾ ಅಂತ ಡಾಕ್ಟರ್ ಕೇಳಿದ್ರಂತ. ಏನ್ ಹೇಳಬೇಕು ಆಕಿ?"

"ನನಗ್ಯಾಕ ಹೇಳಲಿಲ್ಲ?"

ಆ ಪ್ರಶ್ನೆಗೆ ದೊಡ್ಡವ್ವ ಆಗಲೇ ಉತ್ತರ ಹೇಳಿದ್ದಳು: ಕೇಳಬೇಕಲ್ರಿ.

ಡ್ಯಾಮಿನಲ್ಲಿ ಅವರು ಮಕ್ಕಳಂತೆ ಓಡಾಡಿದರು. ನೀರು ನೋಡಿದರು, ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಪುಂಡಿಪಲ್ಯ, ಮೊಸರು, ನಮ್ಮದೇ ರೊಟ್ಟಿ. ನನ್ನ ತಟ್ಟೆಗೆ ಎಲ್ಲರೂ ಬಡಿಸಿದರು. ನಾನು ಕೆಟ್ಟವಳಲ್ಲ ಎಂದು ನನಗೆ ನಾನೇ ವಾದ ಹೂಡುತ್ತಿದ್ದೆ. ಪಗಾರ ತಡ ಮಾಡಿದವಳಲ್ಲ, ಹಬ್ಬಕ್ಕೆ ಸೀರೆ ಕೊಡುವವಳು, ಅವರ ಮಕ್ಕಳ ಫೀಸಿಗೆ ಸಹಾಯ ಮಾಡಿದವಳು. ಅದೆಲ್ಲ ನಿಜವೇ. ಆದರೆ ಅವರು ಮೈ ಬಿಗಿಹಿಡಿದು ಕೂತಿದ್ದನ್ನು ನಾನು ನಿಷ್ಠೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೂ ನಿಜ. ಫೋಟೋಕ್ಕೆ ಎಲ್ಲರೂ ಸಾಲಾಗಿ ನಿಂತು ನನ್ನನ್ನು ನಡುವೆ ಕರೆದರು. ನಿಂತೆ. ಆ ಫೋಟೋವನ್ನು ಯಾರಿಗೂ ಕಳಿಸಲಿಲ್ಲ.

ತಿರುಗಿ ಬರುವಾಗ ಕೊಡೇಕಲ್ ದಾಟಿದ ಮೇಲೆ ನನಗೇ ತಡೆಯಲಾಗದಂತಾಯಿತು. ಸುರಪುರ ಇನ್ನೂ ದೂರವಿತ್ತು. ಡ್ರೈವರನಿಗೆ ಹೇಗೆ ಹೇಳುವುದು ಎಂದು ಸುಮ್ಮನೆ ಕೂತೆ. ದೊಡ್ಡವ್ವ ನನ್ನ ಮುಖ ನೋಡಿ ತಾನೇ ಕೂಗಿದಳು. ಬಸ್ಸು ನಿಂತಿತು. ಅಲ್ಲಿ ಕಂಟಿಯೂ ಇರಲಿಲ್ಲ. ಎರಡೂ ಕಡೆ ಕಟಾವಾದ ಹೊಲ.

"ಬರ್ರಿ ಅಕ್ಕಾರ, ನಾವು ಅಡ್ಡ ನಿಂದರ್ತೀವಿ."

ಐದಾರು ಮಂದಿ ನನ್ನ ಸುತ್ತ ಬೆನ್ನು ತಿರುಗಿಸಿ ನಿಂತು ಸೆರಗು ಅಗಲಿಸಿ ಹಿಡಿದರು. ಕೂತಲ್ಲಿಂದ ನನಗೆ ಕಂಡದ್ದು ಒಂದೇ ಬಣ್ಣದ ಸೀರೆಗಳು ಮತ್ತು ಮಣ್ಣು ಮೆತ್ತಿದ ಅವರ ಹಿಮ್ಮಡಿಗಳು. ಅವರು ಜೋಳದ ಬೆಳೆಯ ಬಗ್ಗೆ ಮಾತಾಡುತ್ತಿದ್ದರು, ನನಗೆ ಸಂಕೋಚವಾಗದಿರಲಿ ಎಂದು ಸ್ವಲ್ಪ ಜೋರಾಗಿಯೇ. ನಾನು ಅವರಿಗೆ ಇಷ್ಟು ವರ್ಷದಲ್ಲಿ ಇಷ್ಟು ಮರ್ಯಾದೆಯನ್ನೂ ಕೊಟ್ಟಿರಲಿಲ್ಲ. ಬಸ್ಸು ಹತ್ತಿದ ಮೇಲೆ ಕಣ್ಣೀರು ಬಂತು. ಧೂಳು ಬಿದ್ದಿದೆ ಎಂದೆ.

ಮರುದಿನ ಸಂಡಾಸಿನ ಕೀಲಿ ತೆಗೆಸಿದೆ. ಶೆಡ್ಡಿನ ಒಳಗಿನಿಂದಲೇ ಹೋಗುವಂತೆ ಗೌಂಡಿಯಿಂದ ಗೋಡೆ ಒಡೆಸಿ ಬಾಗಿಲು ಇಡಿಸಿದೆ. ಅದು ಸುಲಭದ ಕೆಲಸ. ಆದರೆ ಎಷ್ಟೋ ದಿನ ನೀರಿನ ಕೊಡ ಸಂಜೆಗೂ ತುಂಬಿದ ಹಾಗೇ ಇರುತ್ತಿತ್ತು. ಎದ್ದು ಹೋಗುವವರು ಮೊದಲು ನನ್ನ ಖೋಲಿಯ ಕಡೆ ಒಮ್ಮೆ ನೋಡಿ ಹೋಗುತ್ತಿದ್ದರು. ಆ ನೋಟವನ್ನು ತೆಗೆಸಲು ಯಾವ ಗೌಂಡಿಯನ್ನೂ ಕರೆಯುವ ಹಾಗಿರಲಿಲ್ಲ. ಕೊನೆಗೆ ನಾನೇ ದಿನಕ್ಕೊಂದಿಷ್ಟು ಹೊತ್ತು ಅವರ ಸಾಲಿನಲ್ಲಿ ಒಲೆಯ ಮುಂದೆ ಕೂರತೊಡಗಿದೆ. ರೂಢಿ ತಪ್ಪಿ ನನ್ನ ರೊಟ್ಟಿಗಳು ಈಗ ಹರಿದುಹೋಗುತ್ತವೆ. ಅವರು ನಗುತ್ತಾರೆ. ನಡುವೆ ಒಂದೊಂದು ಮಾತು ಹೊರಬರುತ್ತದೆ: ಹೊಗೆಯ ಬಗ್ಗೆ, ಸಂಜೆಯ ಬಸ್ಸಿನ ಬಗ್ಗೆ. ಕೇಂದ್ರ ಚೆನ್ನಾಗಿ ನಡೆಯುತ್ತಿದೆ ಎಂದು ಯಾರಾದರೂ ಹೊಗಳಿದರೆ ನನಗೆ ಮೊದಲಿನ ಹಾಗೆ ಎದೆ ಉಬ್ಬುವುದಿಲ್ಲ. ನನಗೆ ಕಾಣದೇ ಇರುವುದು ಇನ್ನೇನಿದೆಯೋ ಎಂದು ಅಳುಕಾಗುತ್ತದೆ.

ಪ್ರವಾಸ ಹೋದ ತಿಂಗಳಲ್ಲೇ ಬಳಿಚಕ್ರಕ್ಕೆ, ಆ ಹುಡುಗಿಯ ತವರಿಗೆ ಹೋದೆ. ಆಕೆ ಅಂಗಳದಲ್ಲಿ ತೊಗರಿ ತೂರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟು, "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಚಾಪೆ ಹಾಸಿದಳು. ಈಗ ಆರಾಮಾಗಿದ್ದಾಳೆ. ನಾನು ಬೈದದ್ದನ್ನು, ನನಗೆ ಗೊತ್ತಾದದ್ದನ್ನು ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ಆಕೆ ಕಸಿವಿಸಿಪಟ್ಟಳು, ಹಿರಿಯರು ಹಂಗ ಅನಬಾರದ್ರಿ ಎಂದಳು.

"ತಿರುಗಿ ಬರ್ತೀಯಾ ತಂಗಿ?"

ಆಕೆ ಮೊರದ ತೊಗರಿಯಿಂದ ಒಂದು ಕಡ್ಡಿ ಆರಿಸಿ ಎಸೆದಳು.

"ಇಲ್ರಿ ಅಕ್ಕಾರ. ಒಲಿ ಮುಂದ ಕುಂದರಬೇಕಂದ್ರ ಈಗೂ ಅಂಜಿಕಿ ಬರ್ತದ. ನಿಮ್ಮ ಮ್ಯಾಲ ಸಿಟ್ಟಿಲ್ಲ."

ಆಕೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಚಹಾ ಕುಡಿಸಿ, ಹೊಸ ತೊಗರಿಬೇಳೆಯನ್ನು ಚೀಲಕ್ಕೆ ತುಂಬಿ ನನ್ನ ಕೈಗಿತ್ತಳು. ತೆಗೆದುಕೊಂಡೆ. ಆಕೆ ಮತ್ತೆ ಮೊರ ಎತ್ತಿಕೊಂಡಳು. ಗಾಳಿ ಬಂದಾಗ ಹೊಟ್ಟು ನನ್ನ ಕಡೆ ಹಾರದಿರಲೆಂದು ಪಕ್ಕಕ್ಕೆ ಸರಿದು ನಿಂತು ತೂರತೊಡಗಿದಳು.