ಕೆಳಗಿನ ಮೂಲೆಯ ನೀರು

ಕುಂಭಾರಿ ದಾಟಿದ ಮೇಲೆ ಅಕ್ಕಲಕೋಟೆ ರಸ್ತೆಯ ಎಡಕ್ಕೆ ನನ್ನ ಸೋದರತ್ತೆಯ ಮನೆಯವರ ಹೊಲವಿದೆ. ಅಲ್ಲಿ ಈಗ ಒಂದು ಪರಿಸರಗ್ರಾಮ ಏಳುತ್ತಿದೆ. ಸೊಲ್ಲಾಪುರದ ಕೆಲವು ವೈದ್ಯರು, ಶಿಕ್ಷಕರು, ನಿವೃತ್ತ ನೌಕರರು ಸೇರಿ ಹಾಕಿಕೊಂಡ ಯೋಜನೆ. ಮಣ್ಣಿನ ಇಟ್ಟಿಗೆಯ ಮನೆಗಳು, ಬಚ್ಚಲ ನೀರನ್ನು ಜೊಂಡಿನ ಬೇರುಗಳ ನಡುವೆ ಹಾಯಿಸಿ ತೋಟಕ್ಕೆ ಬಿಡುವ ವ್ಯವಸ್ಥೆ, ಮಳೆನೀರು ರಸ್ತೆಗೆ ಹರಿದು ಹೋಗದಂತೆ ತಡೆಯುವ ಹುಲ್ಲಿನ ಕಾಲುವೆಗಳು. ನಕ್ಷೆ ಮಾಡುವ ಕೆಲಸ ನಾನಿರುವ ಕಚೇರಿಗೆ ಬಂತು. ಜಾಗ ನನ್ನ ಸಂಬಂಧಿಕರದು ಎಂದು ಕಚೇರಿ ನಡೆಸುವ ಸರ್‌ಗೆ ಮೊದಲೇ ಹೇಳಿದ್ದೆ. ಅವರು ಪುಣೆಯವರು. ಒಳ್ಳೆಯದೇ ಆಯಿತು, ಮಾತುಕತೆ ಸುಲಭವಾಗುತ್ತದೆ ಎಂದು ಮರಾಠಿಯಲ್ಲಿ ಹೇಳಿದರು.

ಹೊಲ ಆಗ್ನೇಯಕ್ಕೆ ಇಳಿಯುತ್ತದೆ. ಎಲ್ಲ ಚಾವಣಿಗಳ, ಎಲ್ಲ ದಾರಿಗಳ ನೀರು ಕೊನೆಗೆ ಆ ಮೂಲೆಗೇ ಬರಬೇಕು. ಅಲ್ಲಿ ಕೆರೆ ತೋಡದಿದ್ದರೆ ನೀರು ರಸ್ತೆ ದಾಟಿ ಆಚೆ ಬದಿಯ ಮನೆಗಳ ಅಂಗಳಕ್ಕೆ ನುಗ್ಗುತ್ತದೆ. ಇದರಲ್ಲಿ ಆಯ್ಕೆಯೇ ಇರಲಿಲ್ಲ.

ಆದರೆ ಆ ಮೂಲೆಯಲ್ಲಿ ಆ ಮನೆತನದ ಸತ್ತವರಿದ್ದಾರೆ. ನಮ್ಮವರು ಸುಡುವುದಿಲ್ಲ, ಸ್ವಂತ ಹೊಲದಲ್ಲಿ ಹೂಳುತ್ತಾರೆ. ಮಳೆಗಾಲದಲ್ಲಿ ನೀರು ನಿಂತು ಬೆಳೆ ಬಾರದ ಜಾಗವನ್ನು ಅದಕ್ಕೆ ಬಿಟ್ಟುಕೊಟ್ಟಿರುತ್ತಾರೆ. ನಾನು ಕೆರೆಗೆ ಆ ಮೂಲೆಯನ್ನು ಆರಿಸಿದ್ದಕ್ಕೂ, ಅವರು ಸತ್ತವರಿಗೆ ಅದನ್ನೇ ಆರಿಸಿದ್ದಕ್ಕೂ ಕಾರಣ ಒಂದೇ. ಹಿರಿಯರ ಕಲ್ಲುಗಳು ಬದುವಿನ ಗುಂಟ ಸಾಲಾಗಿವೆ. ಅವನ್ನು ಬಿಟ್ಟು ಕೆರೆಯ ಗೆರೆ ಎಳೆದಿದ್ದೆ. ಅತ್ತೆಯ ಗಂಡ, ನನ್ನ ಮಾವನ ಕಲ್ಲು ಮಾತ್ರ ಆ ಸಾಲಿನಲ್ಲಿ ಇರಲಿಲ್ಲ. ಅವರು ಲಾಕ್‌ಡೌನ್‌ನ ಬೇಸಿಗೆಯಲ್ಲಿ ಜ್ವರದಿಂದ ಮನೆಯಲ್ಲೇ ತೀರಿಕೊಂಡಿದ್ದರು. ನಾನಾಗ ಪುಣೆಯ ಹಾಸ್ಟೆಲಿನಲ್ಲಿದ್ದೆ, ಬರಲಾಗಲಿಲ್ಲ.

ಗುರುತು ಹಾಕುವ ದಿನ ಅವರ ತಮ್ಮನನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಅವರನ್ನು ನಾನು ಸಣ್ಣ ಮಾವ ಎನ್ನುತ್ತೇನೆ.

"ಇಲ್ಲೇ ಅದ ನೋಡು ತಂಗಿ," ಎಂದು ಚಪ್ಪಲಿಯ ತುದಿಯಿಂದ ಒಂದು ಹೆಂಟೆಯನ್ನು ಮುಟ್ಟಿದರು. ಸುಣ್ಣದ ಪುಡಿ ಹಾಕಲು ಬಗ್ಗಿದೆ. "ತಡಿ ತಡಿ. ಇಲ್ಲಿ ಅಲ್ಲ. ಜಾಲಿ ಗಿಡದ ಬುಡಕ್ಕ."

"ಜಾಲಿ ಗಿಡ ಎಲ್ಲದರಿ ಮಾವಾ?"

"ಅದನ್ನ ಕಡದೀವಲ್ಲ. ಅದಕ್ಕ ಹೇಳಾಕತ್ತೀನಿ, ಇತ್ತು ಅಂತ."

"ಕಲ್ಲು ಇಟ್ಟಿದ್ದಿಲ್ಲೇನ್ರಿ?"

"ಇಟ್ಟಿದ್ವಿ. ಎರಿ ಹೊಲ, ಕರಿ ಮಣ್ಣು, ಬ್ಯಾಸಗ್ಯಾಗ ಬಾಯಿ ಬಿಡ್ತದ. ನುಂಗಿರಬೇಕು. ಇಲ್ಲಾ ಟ್ರ್ಯಾಕ್ಟರದಂವ ಎತ್ತಿ ಒಗದಿರಬೇಕು." ಸ್ವಲ್ಪ ಹೊತ್ತು ಸುತ್ತಲೂ ನೋಡಿದರು. "ಅವಸರದಾಗ ಆತು ತಂಗಿ. ಹೋದವರು ನಾಕು ಮಂದಿ. ಪೊಲೀಸರು ಬಂದಾರಂತ ಒಬ್ಬಂವ ರಸ್ತಾಕ ನಿಂತಿದ್ದ. ಕುಣಿನೂ ಜೆಸಿಬಿಲೇ ತೋಡಿಸಿದ್ವಿ. ಮುಂದ ಗದ್ದಿಗಿ ಕಟ್ಟಿದ್ರಾತು ಅಂದ್ವಿ. ಅದು ಹಂಗೇ ಉಳೀತು."

ಹೊರಡುವಾಗ, "ನಿಮ್ಮ ಅತ್ತಿ ಮುಂದ ಇದೆಲ್ಲ ಬ್ಯಾಡ. ಅಕಿ ಸಹಿ ಮಾಡ್ಯಾಳ, ಮುಗೀತು. ತೋಡ್ರಿ," ಎಂದರು.

ಅಂದು ಸಂಜೆಯ ಬಸ್ಸಿಗೆ ಅಕ್ಕಲಕೋಟೆಗೆ ಹೋದೆ. ಅತ್ತೆ ಈಗ ಅಲ್ಲಿ ಮಗಳ ಮನೆಯಲ್ಲಿರುತ್ತಾರೆ. ಚಟ್ನಿಗೆ ಶೇಂಗಾ ಹುರಿಯುತ್ತಿದ್ದರು.

"ಬಾ, ಪ್ಲ್ಯಾನ್ ಬಾಯಿ. ನಮ್ಮ ಹೊಲದಾಗ ಯಾರ್ಯಾರಿಗಿ ಎಲ್ಲೆಲ್ಲಿ ಮನಿ ಕೊಟ್ಟಿ?"

ಸುಮ್ಮನೆ ನಕ್ಕೆ.

"ನಿಮ್ಮ ಮಾವನ ಜಾಗ ಬಿಟ್ಟೀದಿ ಹೌದಿಲ್ಲ ಮತ್ತ?"

ಎಲ್ಲವನ್ನೂ ಹೇಳಿದೆ. ಅವರು ಗ್ಯಾಸ್ ಆರಿಸಿದರು, ಆದರೂ ಬಿಸಿ ಬಾಣಲೆಯಲ್ಲಿ ಸೌಟು ಆಡಿಸುತ್ತಲೇ ಇದ್ದರು.

"ಅವರ ತಮ್ಮಗೂ ಗೊತ್ತಿಲ್ಲಂತ?"

"ಸರಿಯಾಗಿ ನೆಪ್ಪಿಲ್ಲಂತ."

"ಹೆಣ್ಮಕ್ಕಳು ಮಣ್ಣಿಗಿ ಬರಬಾರದಂತ ನನಗ ಬಾಗಲದಾಗ ನಿಂದ್ರಿಸಿದ್ರು. ಗಾಡಿ ತಿರುಗೂತನಕ ನೋಡಿದೆ." ಸೌಟು ಕೆಳಗಿಟ್ಟರು. "ಮನಿ ಕಟ್ರಿ, ಕೆರಿ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಅವರಿಗಿ ಮತ್ತೊಮ್ಮೆ ಜೆಸಿಬಿ ಹಚ್ಚಬ್ಯಾಡ್ರಿ. ಅಷ್ಟ ಕೇಳ್ತೀನಿ ನಿನಗ."

ಮರುದಿನ ಸರ್ ಮುಂದೆ ಇದನ್ನು ಹೇಳುವಾಗ ನಾನು ಮಾವ ಎನ್ನಲಿಲ್ಲ, 'ಮಾಲೀಕರ ಪತಿ' ಎಂದೆ. ಅವರು ತಾಳ್ಮೆಯಿಂದ ಕೇಳಿದರು. ಎಲ್ಲಿದ್ದಾರೆಂದು ತಿಳಿದಿದ್ದರೆ ಆ ಜಾಗ ಬಿಟ್ಟು ಅಗೆಯಬಹುದಿತ್ತು, ತಿಳಿಯದ ಜಾಗವನ್ನು ಬಿಡುವುದು ಹೇಗೆ ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ ಆಗಿತ್ತು. ಇಡೀ ಮೂಲೆಯಲ್ಲಿ ಒಂದು ಗುದ್ದಲಿಯೂ ಬೀಳಬಾರದು, ನೀರು ಮಾತ್ರ ಅಲ್ಲೇ ನಿಲ್ಲಬೇಕು. ಕೆಲವು ದಿನ ಮನೆಗೂ ಅದೇ ಲೆಕ್ಕ ಹೊತ್ತುಕೊಂಡು ಹೋದೆ. ಅಮ್ಮ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ.

ಕೊನೆಗೆ ತೋಡುವ ಬದಲು ಕಟ್ಟುವುದೆಂದು ತೀರ್ಮಾನಿಸಿದೆವು. ಮೇಲಿನ ಮನೆಗಳ ಅಡಿಪಾಯದಿಂದ ಬಂದ ಮಣ್ಣನ್ನು ತಂದು ಮೂಲೆಯ ಕೆಳ ಅಂಚಿಗೆ ಎತ್ತರದ ಒಡ್ಡು ಹಾಕುವುದು, ನೀರು ಹೊಲದ ಮೈಮೇಲೆ ಹರಡಿಕೊಂಡು ನಿಲ್ಲುವುದು. ಆಳವಿಲ್ಲದ್ದರಿಂದ ಬಿಸಿಲಿಗೆ ಬೇಗ ಆರುತ್ತದೆ, ಸೊಳ್ಳೆಯಾಗುತ್ತದೆ, ಅಗಲ ಹೆಚ್ಚಿ ಕೆಳಸಾಲಿನ ಮನೆಗಳನ್ನೇ ಕೈಬಿಡಬೇಕಾಯಿತು. ಆ ಮನೆಗಳಿಗೆ ಹೆಸರು ಬರೆಸಿದ್ದವರು ಇಂದಿಗೂ ಸಭೆಯಲ್ಲಿ ನನ್ನನ್ನು ಮಾತಾಡಿಸುವುದಿಲ್ಲ.

ಹೊಸ ನಕ್ಷೆಯನ್ನು ಅತ್ತೆಗೆ ತೋರಿಸಿದೆ.

"ಅಗಿಯೂದಿಲ್ಲಲ್ಲ?"

"ಇಲ್ಲ ಅತ್ತಿ. ನೀರು ಮ್ಯಾಲ ನಿಂದರ್ತದ, ಅಷ್ಟ."

"ಹಂಗಾದ್ರ ಆತು."

ಮೂಲೆಯ ಪೂರ್ತಿ ನೀಲಿ ಬಣ್ಣ ತುಂಬಿತ್ತು. ಅವರು ಅದನ್ನು ನೋಡಿದರು. ಅವರು ನೋಡುವುದನ್ನು ನಾನು ನೋಡಿದೆ.

ಈ ವರ್ಷ ಮಳೆ ಚೆನ್ನಾಗಿ ಆಯಿತು. ಕಾಲುವೆಗಳು ನಾನು ಎಣಿಸಿದ ಹಾಗೆಯೇ ಹರಿದವು, ರಸ್ತೆಯಾಚೆಯ ಅಂಗಳಗಳಿಗೆ ನೀರು ನುಗ್ಗಲಿಲ್ಲ. ಸದಸ್ಯರು ಒಡ್ಡಿನ ಮೇಲೆ ನಿಂತು ಫೋಟೊ ತೆಗೆದು ಗುಂಪಿನಲ್ಲಿ ಹಂಚಿಕೊಂಡರು. ಸರ್ ನನ್ನನ್ನು ಎಲ್ಲರ ಮುಂದೆ ಹೊಗಳಿದರು. ಆ ವಾರವೇ ಅತ್ತೆ ಫೋನ್ ಮಾಡಿ, ನನಗೊಮ್ಮೆ ತೋರಿಸು ಎಂದರು.

ರಸ್ತೆಯಲ್ಲಿ ಆಟೊ ಇಳಿದು ಕೆಸರಿನಲ್ಲಿ ನಡೆದೆವು. ಮದುವೆಯಾಗಿ ಬಂದಂದಿನಿಂದ ಆ ಹೊಲದಲ್ಲಿ ಕಳೆ ತೆಗೆದವರು, ಆದರೂ ಒಡ್ಡು ಹತ್ತಲು ನನ್ನ ಕೈ ಹಿಡಿದುಕೊಂಡರು. ಮೂಲೆ ಕಾಣುತ್ತಿರಲಿಲ್ಲ. ಕಪ್ಪು ಮಣ್ಣು ಕಲಸಿದ ನೀರು ಬದುವಿನ ಕಲ್ಲುಗಳ ಬುಡದವರೆಗೂ ಬಂದಿತ್ತು. ಎರಡು ಬೆಳ್ಳಕ್ಕಿಗಳು ನಿಂತಿದ್ದವು. ಅತ್ತೆ ಒಂದೊಂದೇ ಕಡೆ ಕಣ್ಣು ಹಾಯಿಸುತ್ತಾ ಬಹಳ ಹೊತ್ತು ನಿಂತರು.

"ನಿಮ್ಮ ಮಾವಗ ಈಸಾಕ ಬರ್ತಿದ್ದಿಲ್ಲ," ಎಂದರು. ನಗಿಸಲು ಹೇಳಿದರೋ ಏನೋ, ನನಗೆ ನಗಲಾಗಲಿಲ್ಲ. "ಬಾವ್ಯಾಗ ಇಳೀಲಿಕ್ಕೂ ಅಂಜತಿದ್ರು."

ಆಮೇಲೆ ನೀರಿನ ಕಡೆ ಕೈ ತೋರಿಸಿದರು.

"ಈ ನೀರು ಯಾವಾಗ ಹೋಗ್ತದ?"

"ದೀಪಾವಳಿ ಮುಂದ ಕಡಿಮಿ ಆಗ್ತದರಿ."

"ಎಲ್ಲಿ ಹೋಗ್ತದ?"

ಅರ್ಧ ಬಿಸಿಲಿಗೆ ಎಂದು ಹೇಳಿದೆ. ಉಳಿದದ್ದನ್ನು ಹೇಳಲು ತಡವಾಯಿತು. ನೀರು ನಿಧಾನವಾಗಿ ಮಣ್ಣಿನೊಳಕ್ಕೆ ಇಳಿಯುತ್ತದೆ ಎನ್ನುವುದನ್ನು ಬೇರೆ ಎಲ್ಲರಿಗೂ ನಾನು ಹೆಮ್ಮೆಯಿಂದ ಹೇಳುತ್ತೇನೆ. ಈ ಯೋಜನೆ ಇರುವುದೇ ಅದಕ್ಕಾಗಿ.

"ಉಳಿದದ್ದು ಕೆಳಗ ಇಳೀತದ ಅತ್ತಿ."

ಅವರು ತಲೆಯಾಡಿಸಿದರು. ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ಈ ಸಲ ನನ್ನ ಕೈ ಹಿಡಿಯದೆ, ಒಡ್ಡಿನಿಂದ ಇಳಿದು ರಸ್ತೆಯ ಕಡೆ ನಡೆದರು.