‘ಹೌದಾ ಮೇಡಂ’ ಅವರ ಎಚ್ಚರಿಕೆಯ ಪ್ರಯೋಗ

ಪ್ರಾಯೋಗಿಕ ಮನಶ್ಶಾಸ್ತ್ರವೆಂಬುದು ಮನುಷ್ಯರ ಮನಸ್ಸನ್ನು ಅಳೆಯಲು ಹೊರಟು, ಅಳೆಯುವವರ ಮನಸ್ಸಿನಿಂದಲೇ ಪದೇ ಪದೇ ಮೋಸಹೋಗುವ ಶಾಸ್ತ್ರ. ಅಂಥ ಶಾಸ್ತ್ರದಲ್ಲಿ ತಮ್ಮ ಇಡೀ ವೃತ್ತಿಜೀವನವನ್ನು ಕಳೆದು, ಸಂಖ್ಯೆಗಳನ್ನು ಹೇಗೆ ನಂಬಬೇಕು ಎನ್ನುವುದಕ್ಕಿಂತ ಹೇಗೆ ನಂಬಬಾರದು ಎನ್ನುವುದನ್ನೇ ನಮ್ಮಂಥವರಿಗೆ ಕಲಿಸಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರ ಸ್ಥಾನ ಈ ಕ್ಷೇತ್ರದಲ್ಲಿ ಎಲ್ಲಿ ಎಂದು ಹೇಳುವುದು ಸುಲಭವಲ್ಲ. ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಒಂದೇ ಒಂದು ಪ್ರಯೋಗದ ಜೊತೆ ಅಂಟಿಕೊಂಡಿದೆ. ಆ ಪ್ರಯೋಗ ಅವರಿಗೆ ಹೆಸರನ್ನು ಕೊಟ್ಟಿತು, ಪ್ರಾಧ್ಯಾಪಕ ಹುದ್ದೆಯನ್ನು ತಪ್ಪಿಸಿತು.

ಮೊದಲೇ ಹೇಳಿಬಿಡುತ್ತೇನೆ, ಅಭಿನಂದನ ಗ್ರಂಥಗಳ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಮೆಚ್ಚುವವರನ್ನೇ ಹುಡುಕಿ ಹುಡುಕಿ ಬರೆಸಿ, ಆಮೇಲೆ ನೋಡಿ ಎಲ್ಲರೂ ಮೆಚ್ಚಿದ್ದಾರೆ ಎಂದು ಬೀಗುವುದು ಯಾವ ಸೀಮೆಯ ಲೆಕ್ಕ? ಇಂಥದ್ದೊಂದು ಸಮೀಕ್ಷೆ ಮಾಡಿಕೊಂಡು ಮೇಡಂ ಅವರ ತರಗತಿಗೆ ಹೋಗಿದ್ದರೆ ಚೆನ್ನಾಗಿ ಉಗಿಸಿಕೊಂಡು ಬರಬೇಕಾಗುತ್ತಿತ್ತು. ಈ ಗ್ರಂಥದ ಸಂಪಾದಕ ಸಮಿತಿಯವರೊಬ್ಬರು ನನಗೆ ಫೋನ್ ಮಾಡಿ, "ಆ ಹಳೇ ಪ್ರಯೋಗದ ವಿಷಯ ಬೇಡ ಸಾರ್, ಅವರ ಸರಳತೆ, ಸಮಯಪಾಲನೆ, ಇಂಥದ್ದರ ಬಗ್ಗೆ ಬರೀರಿ" ಎಂದಾಗ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಸಮಿತಿಯ ಕೆಲವರು ಆ ಪ್ರಯೋಗದ ಬಗ್ಗೆ ಅಂದು ಏನು ಹೇಳಿದ್ದರು ಎನ್ನುವುದು ನನಗೆ ಚೆನ್ನಾಗಿ ನೆನಪಿದೆ. ಸರಳತೆಯ ಬಗ್ಗೆ ಬೇರೆಯವರು ಬರೆದಿರುತ್ತಾರೆ. ನಾನು ಆ ಹಳೇ ಪ್ರಯೋಗದ ಬಗ್ಗೆಯೇ ಬರೆಯುತ್ತೇನೆ.

ನಾನು ಅವರ ವಿದ್ಯಾರ್ಥಿಯಾಗಿ ಸೇರಿದಾಗ ವಿಭಾಗವು ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿತ್ತು. ಉದ್ದನೆಯ ಹಜಾರ, ಅದರ ಕೊನೆಯಲ್ಲಿ ಮುರಿದ ಬೆಂಚುಗಳನ್ನು ತುಂಬಿದ ಉಗ್ರಾಣ, ಅದರ ಪಕ್ಕದಲ್ಲಿ ನಮ್ಮ ಪ್ರಯೋಗಶಾಲೆ. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಗೋಡೆಗಳಿಗೆ ಹಳೆಯ ಜಮಖಾನೆಗಳನ್ನು ಮೊಳೆ ಹೊಡೆದು ಕೂರಿಸಿದ್ದರು. ಸದ್ದು ಬರುತ್ತಿರಲಿಲ್ಲ, ಗಾಳಿಯೂ ಬರುತ್ತಿರಲಿಲ್ಲ. ಮೊದಲ ವಾರದಲ್ಲೇ ನಾನು ಎದ್ದುನಿಂತು, ಬೆಳಗ್ಗೆ ಓದುವವರಿಗೆ ಸಂಜೆ ಓದುವವರಿಗಿಂತ ಸರಾಸರಿ ಅಂಕ ಹೆಚ್ಚು ಬಂದಿದೆ, ಆದ್ದರಿಂದ ಬೆಳಗಿನ ಓದೇ ಒಳ್ಳೆಯದು ಎಂದು ಗತ್ತಿನಿಂದ ಹೇಳಿದೆ. ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಹೌದಾ?" ಎಂದರು. ಅಷ್ಟೇ. ನಾನು ನಿಂತಲ್ಲೇ ತಲೆ ಕೆರೆದುಕೊಂಡೆ. ಬೆಳಗ್ಗೆ ಏಳುವವರು ಮೊದಲೇ ಶಿಸ್ತಿನವರಿರಬಹುದು. ಸಂಜೆ ಓದುವವರಿಗೆ ಹಗಲೆಲ್ಲ ದುಡಿಮೆ ಇರಬಹುದು. ತರಗತಿ ಮುಗಿಯುವಷ್ಟರಲ್ಲಿ ನನ್ನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಂಡಿದ್ದೆ. ಆ ಒಂದು ಪದದಿಂದಲೇ ಅವರಿಗೆ ‘ಹೌದಾ ಮೇಡಂ’ ಎಂಬ ಅಡ್ಡಹೆಸರು ಬಂದಿತ್ತು, ಮತ್ತು ಅದು ಅವರಿಗೂ ಗೊತ್ತಿತ್ತು.

ಅವರ ಅನುಮಾನದಿಂದ ಯಾರಿಗೂ ವಿನಾಯಿತಿ ಇರಲಿಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದ ಅವರ ಯಜಮಾನರು ಒಮ್ಮೆ ನಮ್ಮೆದುರೇ ದೂರು ಹೇಳಿದ್ದರು. "ಡಬ್ಬದ ಮೇಲೆ ಉಪ್ಪು ಅಂತ ದೊಡ್ಡದಾಗಿ ಬರೆದಿದ್ದೀನಿ. ಆದ್ರೂ ಇವಳು ನಾಲಿಗೆಗೆ ಹಚ್ಚಿ ನೋಡದೆ ಹಾಕಲ್ಲ." ಮೇಡಂ ತಲೆಯೆತ್ತದೆ, "ಬರೆದಿರೋದು ನೀವು ಅಂತಾನೇ" ಎಂದಿದ್ದರು.

ಇನ್ನೊಮ್ಮೆ ನನ್ನ ತಾಯಿ ಆಸ್ಪತ್ರೆ ಸೇರಿದರು. ಒಂದು ವಾರ ರಜೆ ಬೇಕೆಂದು ಹೇಳಿಕಳಿಸಿದೆ. ಮರುದಿನ ಮಧ್ಯಾಹ್ನ ನೋಡಿದರೆ ವಾರ್ಡಿನ ಬಾಗಿಲಲ್ಲಿ ಮೇಡಂ. "ನಿಜವಾಗ್ಲೂ ಹುಷಾರಿಲ್ವಾ ಅಂತ ನೋಡ್ಕೊಂಡ್ ಹೋಗೋಣ ಅಂತ ಬಂದೆ" ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನೋಡಿಕೊಂಡು ಹೋಗಲು ಬಂದವರು ಹೋಗಲೇ ಇಲ್ಲ. ಸಂಜೆಯವರೆಗೆ ಅಮ್ಮನ ಪಕ್ಕದಲ್ಲಿ ಕೂತರು, ನನ್ನನ್ನು ಊಟಕ್ಕೆ ಅಟ್ಟಿದರು, ವೈದ್ಯರು ಬಂದಾಗ "ಈ ಮಾತ್ರೆಯಿಂದ ಜ್ವರ ಇಳೀತೋ, ಕೊಡದೇ ಇದ್ರೂ ಇಳೀತಿತ್ತೋ?" ಎಂದು ಕೇಳಿ ಅವರ ಮುಖ ಕೆಂಪಾಗಿಸಿದರು. ಆಮೇಲೆ ಅಮ್ಮ ಮನೆಗೆ ಬರುವ ತನಕ ದಿನವೂ ಬಂದರು. "ಇಷ್ಟೊಂದು ಅನುಮಾನ ಇಟ್ಕೊಂಡು ಇಷ್ಟು ಒಳ್ಳೇವ್ರಾಗಿರೋಕೆ ಹೇಗಾಗತ್ತೋ" ಎಂದು ಅಮ್ಮ ಬೆರಗಾಗುತ್ತಿದ್ದರು.

ಇನ್ನು ಆ ಪ್ರಯೋಗ. ಕೋಣೆಯಲ್ಲಿ ಕೂತವರಿಗೆ ಧ್ವನಿಮುದ್ರಿಸಿದ ಕಥೆಯೊಂದನ್ನು ಕೇಳಿಸುವುದು, ಸ್ವಲ್ಪ ಹೊತ್ತಿನ ನಂತರ ಅದರ ಮೇಲೆ ಪ್ರಶ್ನೆ ಕೇಳುವುದು, ಇಷ್ಟೇ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಒಂದು ಗುಂಪಿಗೆ ಕಥೆಗೆ ಮುಂಚೆ, ಇದರಲ್ಲಿ ಎಲ್ಲೋ ಒಂದು ಸುಳ್ಳು ಸೇರಿದೆ, ಹುಷಾರಾಗಿ ಕೇಳಿ ಎಂಬ ಎಚ್ಚರಿಕೆಯನ್ನೂ ಅದೇ ಧ್ವನಿಯಲ್ಲಿ ಕೇಳಿಸುತ್ತಿದ್ದರು. ಇನ್ನೊಂದು ಗುಂಪಿಗೆ ಬರೀ ಕಥೆ. ಎಚ್ಚರಿಕೆ ಪಡೆದವರು ಪ್ರತಿ ಸಲವೂ ಹೆಚ್ಚು ನೆನಪಿಟ್ಟುಕೊಂಡರು. ಬರೀ ಆಕಸ್ಮಿಕದಿಂದ ಅಷ್ಟು ವ್ಯತ್ಯಾಸ ಬರುವುದು ತೀರಾ ಅಪರೂಪ ಎಂದು ಲೆಕ್ಕಾಚಾರವೂ ಹೇಳಿತು. ಅನುಮಾನದಿಂದ ಕೇಳಿದವರ ನೆನಪು ಚುರುಕಾಗಿರುತ್ತದೆ ಎಂಬ ತೀರ್ಮಾನ ಪಠ್ಯಪುಸ್ತಕ ಸೇರಿತು. ಜೀವನವಿಡೀ ಅನುಮಾನಿಸುತ್ತ ಬಂದವರಿಗೆ ವಿಜ್ಞಾನವೇ ಭೇಷ್ ಎಂದಂತಾಯಿತು ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಆ ತಮಾಷೆಯಲ್ಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು.

ಓದು ಮುಗಿಸಿ ನಾನು ಬೇರೊಂದು ಕಾಲೇಜಿಗೆ ಅಧ್ಯಾಪಕನಾಗಿ ಹೋದೆ. ಅಲ್ಲಿ ಅದೇ ಕಥೆ, ಅದೇ ಧ್ವನಿ, ಅದೇ ಪ್ರಶ್ನೆಗಳನ್ನಿಟ್ಟುಕೊಂಡು ಪ್ರಯೋಗ ಮಾಡಿದರೆ ಎರಡು ಗುಂಪುಗಳ ನಡುವೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮತ್ತೆ ಮಾಡಿದೆ, ಮತ್ತೆ ಅದೇ. ಮೊದಲು ನನ್ನ ಮೇಲೆ ಅನುಮಾನ ಬಂತು, ಆಮೇಲೆ ಧ್ವನಿವರ್ಧಕದ ಮೇಲೆ, ಆಮೇಲೆ ವಿದ್ಯಾರ್ಥಿಗಳ ಮೇಲೆ. ಕೊನೆಗೆ, ಬೇಡ ಬೇಡವೆಂದರೂ, ಮೇಡಂ ಅವರ ಮೇಲೆ ಬಂತು. ಬೇಕಾದ ಫಲಿತಾಂಶ ಬರುವ ತನಕ ಬೇಡದವರ ಅಂಕಗಳನ್ನು ಕೈಬಿಡುವುದು ನಮ್ಮ ಕ್ಷೇತ್ರದಲ್ಲಿ ಕೇಳರಿಯದ ಸಂಗತಿಯೇನಲ್ಲ. ಒಬ್ಬರನ್ನು ಬಿಡಲು ತಲೆನೋವಿತ್ತೆಂಬ ನೆಪ, ಇನ್ನೊಬ್ಬರನ್ನು ಬಿಡಲು ನಿದ್ದೆಗೆಟ್ಟಿದ್ದರೆಂಬ ನೆಪ ಸಾಕು. ಮೇಡಂ ಹಾಗೆ ಮಾಡಿರಬಹುದೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನಾನು ಅವರ ಮನೆಗೆ ಹೋದದ್ದು ಪ್ರಾಧ್ಯಾಪಕ ಹುದ್ದೆಯ ಸಂದರ್ಶನ ಹತ್ತಿರ ಬಂದಿದ್ದ ಹೊತ್ತಿನಲ್ಲಿ. ಹುದ್ದೆ ಒಂದೇ, ಮೇಡಂ ಅವರ ಅರ್ಜಿಯ ಬೆನ್ನೆಲುಬು ಆ ಪ್ರಯೋಗವೊಂದೇ. ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಹೀಗೆ ಅನುಮಾನಿಸಿದ್ದಕ್ಕೆ ನಾನು ಕ್ಷಮೆ ಕೇಳಲಿಲ್ಲ, ಕೇಳಿದ್ದರೆ ಅವರು ಕೊಡುತ್ತಲೂ ಇರಲಿಲ್ಲ. ಒಳಗೆ ಹೋಗಿ ಕಪಾಟಿನ ಬೀಗದಕೈ ತಂದು ನನ್ನ ಕೈಗಿಟ್ಟು, "ಎಲ್ಲಾ ಉತ್ತರಪತ್ರಿಕೆ ಅಲ್ಲೇ ಇದೆ. ಅಂಕ ಎಲ್ಲಾ ಮೊದಲಿಂದ ಕೂಡು" ಎಂದರು.

ಕೂಡಿದೆ. ಒಬ್ಬರನ್ನೂ ಕೈಬಿಟ್ಟಿರಲಿಲ್ಲ, ಒಂದು ಅಂಕವೂ ಆಚೀಚೆ ಆಗಿರಲಿಲ್ಲ. ಆದರೂ ನನ್ನ ಅನುಮಾನ ಹೋಗಲಿಲ್ಲವೆಂದು ಹೇಳಿದಾಗ ಮೇಡಂ ಮೊದಲ ಬಾರಿಗೆ ಖುಷಿಯಾದಂತೆ ಕಂಡರು. "ಸರಿ, ಹಾಗಾದ್ರೆ ನಾನು ಮಾಡಿದ್ದು ನೀನು ಮಾಡದೇ ಇದ್ದಿದ್ದು ಏನೋ ಇದೆ. ಇಲ್ಲೇ ಇನ್ನೊಂದ್ ಸಲ ನಡೆಸೋಣ. ನೀನು ನನ್ನ ಬಾಲದ ಹಾಗೆ ಹಿಂದೇ ಇರು."

ಹಾಗೇ ಮಾಡಿದೆವು. ಬರೀ ಕಥೆ ಕೇಳುವ ಗುಂಪನ್ನು ಸಹಾಯಕರು ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡರು; ಮೇಡಂ ಹೊರಗೆ ತಮ್ಮ ಕೋಣೆಯಲ್ಲಿ ಟೀ ಕುಡಿಯುತ್ತಿದ್ದರು. ಎಚ್ಚರಿಕೆಯ ಗುಂಪಿನ ಸರದಿ ಬಂತು. ಕಥೆ ಶುರುವಾಗುವ ಹೊತ್ತಿಗೆ ಮೇಡಂ ಲೋಟ ಕೆಳಗಿಟ್ಟು ಎದ್ದರು.

"ಎಲ್ಲಿಗೆ ಹೊರಟ್ರಿ ಮೇಡಂ?"

"ಒಳಗೆ ಸ್ವಲ್ಪ ಕೂತು ನೋಡ್ಕೊಂಡ್ ಬರ್ತೀನಿ. ಸಹಾಯಕರು ನನ್ನ ಮೆಚ್ಚಿಸೋಕೆ ಉತ್ತರ ಗಿತ್ತರ ಹೇಳಿಕೊಟ್ರೆ?"

"ಬರೀ ಕಥೆ ಕೇಳಿದ ಗುಂಪಿಗೆ ಹೋಗಲಿಲ್ವಲ್ಲ?"

"ಅಲ್ಲಿ ಯಾಕಪ್ಪಾ ಮೋಸ ಮಾಡ್ತಾರೆ? ಆ ಗುಂಪಿನ ಅಂಕ ಜಾಸ್ತಿ ಆದ್ರೆ ನನಗೆ ತಾನೇ ನಷ್ಟ?"

ಹೇಳಿದವರು ಬಾಗಿಲ ಹಿಡಿಯ ಮೇಲಿಟ್ಟ ಕೈಯನ್ನು ಹಾಗೇ ಇಟ್ಟುಕೊಂಡು ನಿಂತರು. ಇಷ್ಟು ವರ್ಷವೂ ಅವರು ಮೋಸಕ್ಕೆ ಅವಕಾಶವಿದ್ದ ಎಚ್ಚರಿಕೆಯ ಗುಂಪನ್ನು ಮಾತ್ರ ಕಾವಲು ಕಾದಿದ್ದರು. ಹಿಂದಿನ ಸಾಲಿನಲ್ಲಿ ಮೇಡಂ ಬಂದು ಕೂತರೆ ಯಾವ ವಿದ್ಯಾರ್ಥಿ ತಾನೇ ಕಿವಿ ನೆಟ್ಟಗೆ ಮಾಡಿ ಕೇಳುವುದಿಲ್ಲ? ಅದು ಅವರಿಗೆ ಪ್ರಯೋಗದ ಭಾಗವೆಂದೇ ಅನಿಸಿರಲಿಲ್ಲ; ಪ್ರಬಂಧದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಲೆಕ್ಕ ಸರಿಯಿತ್ತು. ಆದರೆ ಆ ಲೆಕ್ಕ ಏನನ್ನು ಅಳೆಯಿತು ಎಂಬುದೇ ತಪ್ಪಾಗಿತ್ತು.

ಅವಸರ ಅವಸರವಾಗಿ ನಾಲ್ಕು ಗುಂಪು ಮಾಡಿದೆವು: ಎಚ್ಚರಿಕೆಯೂ ಮೇಡಂ ಅವರೂ ಇದ್ದದ್ದು, ಎಚ್ಚರಿಕೆ ಮಾತ್ರ, ಮೇಡಂ ಮಾತ್ರ, ಎರಡೂ ಇಲ್ಲದ್ದು. ಮೇಡಂ ಕೂತಲ್ಲೆಲ್ಲ ನೆನಪು ಹೆಚ್ಚಿತು. ಬರೀ ಎಚ್ಚರಿಕೆಯಿಂದ ಏನೂ ಆಗಲಿಲ್ಲ. ತಮ್ಮ ಪ್ರಯೋಗದ ತೀರ್ಮಾನ ನಿಲ್ಲುವುದಿಲ್ಲವೆಂದು ಮೇಡಂ ಅದೇ ವಾರ, ಪ್ರಬಂಧ ಪ್ರಕಟಿಸಿದ್ದ ಪತ್ರಿಕೆಗೆ ಬರೆದು, ಅದರ ಪ್ರತಿಯನ್ನು ಆಯ್ಕೆ ಸಮಿತಿಗೂ ಕೊಟ್ಟರು. ಸಂದರ್ಶನ ಮುಗಿಯಲಿ, ಆಮೇಲೆ ಕಳಿಸಿದರಾಯಿತು ಎಂದು ವಿಭಾಗದವರು ಹೇಳಿದ್ದರು, ನಾನೂ ಹೇಳಿದ್ದೆ. "ಹುದ್ದೆ ಸಿಕ್ಕಮೇಲೆ ಬರೆಯೋಕೆ ನನಗೆ ಮನಸ್ಸು ಬರತ್ತೆ ಅಂತ ಏನು ಗ್ಯಾರಂಟಿ?" ಎಂದು ಮೇಡಂ ಕೇಳಿದ್ದರು. ಹುದ್ದೆ ಇನ್ನೊಬ್ಬರಿಗೆ ಹೋಯಿತು. ಪ್ರಯೋಗ ಮಾಡಲು ಬಾರದವರು ಎಂದು ಅಂದು ಮೂಗು ಮುರಿದ ಬಾಯಿಗಳೇ ಇಂದು ಪ್ರಾಮಾಣಿಕತೆಯ ಸಾಕಾರಮೂರ್ತಿ ಎನ್ನುತ್ತಿವೆ. ಮೇಡಂ ನಿವೃತ್ತರಾಗುತ್ತಿರುವುದು ಸಹ ಪ್ರಾಧ್ಯಾಪಕಿಯಾಗಿಯೇ; ಬೀಳ್ಕೊಡುಗೆಯ ಆಮಂತ್ರಣದಲ್ಲಿ ‘ಪ್ರಾಧ್ಯಾಪಕಿ’ ಎಂದು ಅಚ್ಚಾಗಿರುವುದು ಸುಳ್ಳು.

ಇಲ್ಲಿಗೆ ಮುಗಿಸಿದ್ದರೆ ಇದೊಂದು ಒಳ್ಳೆಯ ಅಭಿನಂದನ ಲೇಖನವಾಗುತ್ತಿತ್ತು. ಆದರೆ ಹೋದ ವಾರ ಈ ಲೇಖನದ ಸಲುವಾಗಿ ಮಾತಾಡಿಸಲು ಹೋದಾಗ ಮೇಡಂ ನನ್ನನ್ನು ಎದುರು ಕೂರಿಸಿಕೊಂಡು ಕೇಳಿದರು:

"ಆ ಎರಡನೇ ಪ್ರಯೋಗಾನ ನೀನು ಯಾಕೆ ನಂಬಿದೆ?"

ನಾನು ಬರೆದುಕೊಳ್ಳುತ್ತಿದ್ದ ಪೆನ್ನನ್ನು ಕೆಳಗಿಟ್ಟೆ.

"ಎಚ್ಚರಿಕೆ ಮಾತ್ರ ಕೊಟ್ಟ ಗುಂಪಲ್ಲಿ ಜನ ಎಷ್ಟು ಕಡಮೆ ಇದ್ರು, ನೆನಪಿದ್ಯಾ? ಅಷ್ಟು ಕಡಮೆ ಜನರಲ್ಲಿ ಪರಿಣಾಮ ಕಾಣಲಿಲ್ಲ ಅಂದ್ರೆ ಪರಿಣಾಮವೇ ಇಲ್ಲ ಅಂತ ಅರ್ಥ ಅಲ್ಲ. ನಿನ್ನ ಕಾಲೇಜಲ್ಲೂ ಹಾಗೇ, ಒಂದೆರಡು ಬೆಂಚಿಗೆ ಹಿಡಿಸೋಷ್ಟೇ ಜನ. ಸಂದರ್ಶನಕ್ಕೆ ಮುಂಚೆ ಮುಗಿಸಬೇಕು ಅಂತ ಓಡಿದ್ವಿ. ಮೇಲಾಗಿ ನನ್ನ ತಪ್ಪು ಸಾಬೀತಾಗ್ಲಿ ಅಂತ ನಾನೇ ಕಾಯ್ತಾ ಕೂತಿದ್ದೆ. ಹಿಂದಿನ ಸಾಲಲ್ಲಿ ಕೂತು ಮೊದಲಿಗಿಂತ ಜಾಸ್ತಿ ದುರುಗುಟ್ಟಿದ್ನೇನೋ."

"ಅಂದ್ರೆ ಮೊದಲನೇದೇ ನಿಜ ಇರಬಹುದು ಅಂತೀರಾ?"

"ಗೊತ್ತಿಲ್ಲ ಅಂತೀನಿ."

"ನಿಜ ಆಗಿದ್ರೆ, ಆ ಹುದ್ದೆ ಸುಮ್‌ಸುಮ್ನೆ ಬಿಟ್ಟ ಹಾಗಾಯ್ತಲ್ಲ ಮೇಡಂ?"

"ಆಗ್ಲಿ. ಗೊತ್ತಾಗದೇ ಇರೋದಕ್ಕಿಂತ ವಾಸಿ. ಈಗ ನನಗೆ ಪುರುಸೊತ್ತಿದೆ, ಯಾವ ಸಂದರ್ಶನವೂ ಇಲ್ಲ."

ಹೀಗೆ, ನಿವೃತ್ತಿಯ ಮರುವಾರವೇ ಅವರ ಕೆಲಸ ಮತ್ತೆ ಶುರುವಾಗಲಿದೆ. ಈ ಸಲ ಬಹಳ ಜನರನ್ನು ಕೂರಿಸಲಾಗುವುದು. ಮೇಡಂ ಅವರನ್ನು ಕಂಡರಿಯದ ಬೇರೆ ಕಾಲೇಜಿನವರು ನಡೆಸುತ್ತಾರೆ, ಮೇಡಂ ಬದಲು ಹಿಂದಿನ ಸಾಲಿನಲ್ಲಿ ಕೂರುವವರಿಗೆ ನಾವು ಏನನ್ನು ಹುಡುಕುತ್ತಿದ್ದೇವೆಂದು ತಿಳಿಸುವುದಿಲ್ಲ, ಲೆಕ್ಕ ಮಾಡುವವರಿಗೆ ಯಾವ ಗುಂಪು ಯಾವುದೆಂದು ಕೊನೆಯವರೆಗೂ ಗೊತ್ತಿರುವುದಿಲ್ಲ.

ನನ್ನ ಗುರುಗಳಿಗೆ ಆರೋಗ್ಯವೂ ದೀರ್ಘಾಯುಷ್ಯವೂ ಇರಲಿ, ಯಾರನ್ನೂ ಸುಮ್ಮನೆ ನಂಬದ ಅವರ ಕಣ್ಣು ಇನ್ನೂ ಬಹುಕಾಲ ನಮ್ಮ ಮೇಲಿರಲಿ. ಫಲಿತಾಂಶದ ವಿಷಯದಲ್ಲಿ ಮಾತ್ರ ಇಂಥದ್ದೇ ಬರಲೆಂದು ಹಾರೈಸುವ ಹಕ್ಕು ಅವರ ಶಿಷ್ಯನಾದ ನನಗಿಲ್ಲ. ಆದರೂ ಅವರ ತ್ಯಾಗ ವ್ಯರ್ಥವಾಗದಿರಲೆಂದು, ಅಂದರೆ ಬರೀ ಎಚ್ಚರಿಕೆಯಿಂದ ಈ ಸಲವೂ ಏನೂ ಆಗದಿರಲೆಂದು, ನಾನು ದಿನವೂ ಹಾರೈಸುತ್ತಿದ್ದೇನೆ. ಅದಕ್ಕೇ ಪ್ರಯೋಗ ನಡೆಯುವ ದಿನಗಳಲ್ಲಿ ನಾನು ಆ ಕಟ್ಟಡದ ಹತ್ತಿರವೂ ಸುಳಿಯುವುದಿಲ್ಲ.