ಫ್ಲಾಪಿಯೊಳಗಿನ ಬಂಗುಡೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಣಿಪಾಲದ ಒಂದು ಕಂಪ್ಯೂಟರ್ ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಂಗಡಿಯ ಒಡತಿ ಮೇಡಂ ಕಡಿಯಾಳಿಯವರು, ಈರುಳ್ಳಿಯನ್ನೂ ಮುಟ್ಟದ ಮನೆತನ. ನಾನು ಕಾಪುವಿನವಳು, ಮೀನಿಲ್ಲದೆ ಅನ್ನ ಇಳಿಯದು. ಮೀನಿನ ಬುತ್ತಿ ತರಬಾರದೆಂದು ಮೊದಲ ದಿನವೇ ಅಪ್ಪಣೆಯಾಗಿತ್ತು. ತರಲಿಲ್ಲ. ಆದರೆ ಹೊಸ ಫ್ಲಾಪಿಯನ್ನು ಫಾರ್ಮ್ಯಾಟ್ ಮಾಡುವಾಗ ಕಂಪ್ಯೂಟರ್ ಅದಕ್ಕೊಂದು ಹೆಸರು ಕೇಳುತ್ತಿತ್ತಲ್ಲ, ನನ್ನ ಮೀನುಗಳೆಲ್ಲ ಆ ದಾರಿಯಲ್ಲಿ ಒಳಗೆ ಬಂದವು, ಒಬ್ಬೊಬ್ಬ ಗಿರಾಕಿಗೆ ಒಂದೊಂದು ಮೀನು. ದಿನಾ ತಿದ್ದುಪಡಿ ಹಿಡಿದು ಬರುವ ಗಿರಾಕಿ ಬಂಗುಡೆ. ಅಪರೂಪಕ್ಕೆ ಗತ್ತಿನಿಂದ ಬರುವವರು ದುಬಾರಿ ಅಂಜಲ್. ಮಾತೆತ್ತಿದರೆ ಮುಳ್ಳು ಚುಚ್ಚುವವರು ಬೂತಾಯಿ. ಹೊರಗಿನ ಕಾಗದದ ಲೇಬಲ್ ಮೇಲೆ ಗಿರಾಕಿಯ ನಿಜವಾದ ಹೆಸರನ್ನು ಮೇಡಂ ಇಂಕ್ ಪೆನ್ನಿನಲ್ಲಿ ಬರೆಯುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ಮೇಡಂ ಫ್ಲಾಪಿಗಳನ್ನೂ ಸಾಲಾಗಿಟ್ಟು, ಒಂದನ್ನೂ ಬಿಡದೆ ಲೇಬಲ್ಲಿಗೆ ಗಂಧ ಹಚ್ಚಿದರು. ಪೂಜೆಯ ಮರುದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಗಂಧದ ಜೊತೆ ಹೆಸರುಗಳೂ ಹೋದವು.

ಅಷ್ಟರಲ್ಲಿ ಎಂ.ಡಿ. ಓದುತ್ತಿದ್ದ ಕಾರ್ಕಳದ ಡಾಕ್ಟರೊಬ್ಬರು ಬಂದರು. ನಾವು ಟೈಪ್ ಮಾಡಿಟ್ಟಿದ್ದ ಅವರ ಪ್ರಬಂಧ ಸಂಜೆಯ ಬಸ್ಸಿಗೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷದ ಓದು ನೀರಿನಲ್ಲಿ ಹೋಮ. ಎಲ್ಲ ಫ್ಲಾಪಿಗಳನ್ನೂ ತೆರೆದು ಓದುವಷ್ಟು ಹೊತ್ತಿರಲಿಲ್ಲ. ಯಾರ ಪ್ರಬಂಧವೇ ಆಗಲಿ, ಒಳಗಿನ ಫೈಲುಗಳಿಗೆ ಅಧ್ಯಾಯ ಒಂದು, ಅಧ್ಯಾಯ ಎರಡು ಎಂದೇ ಹೆಸರು.

ನಾನು ಒಂದು ಫ್ಲಾಪಿ ಹಾಕಿ 'ವಾಲ್' ಎಂಬ ಕಮಾಂಡ್ ಟೈಪ್ ಮಾಡಿದೆ. ಒಳಗಿನ ಹೆಸರು, ಅದರ ಕೆಳಗೆ ಯಂತ್ರ ತಾನೇ ಕೊಟ್ಟ ಸೀರಿಯಲ್ ನಂಬರು ಪರದೆಗೆ ಬಂತು. ನಂಬರು ಯಾರಿಗೆ ಬೇಕು? ನಾನು ಒಂದೊಂದೇ ಹಾಕುತ್ತಾ ಹೋದೆ, ಮೇಡಂ ಕನ್ನಡಕ ಏರಿಸಿ ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದರು. ಬೂತಾಯಿ. ಮಾಂಜಿ. ಸಿಗಡಿ. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

"ಇದೆಂತ ಮಾರಾಯ್ತಿ, ಮಲ್ಪೆ ಬಂದರವಾ?" ಎಂದರು ಮೇಡಂ.

ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ ಕೇಳಿದರು, "ಇದರಲ್ಲಿ ನಾನು ಎಂತ ಮೀನು?"

ಬಂಗುಡೆ ಎಂದೆ.

"ಬಂಗುಡೆಯಾ? ಅಂಜಲ್ ಆದರೂ ಮಾಡಬಹುದಿತ್ತಲ್ಲ."

ಇನ್ನೆರಡು ಫ್ಲಾಪಿ ಕಳೆದು ಬಂಗುಡೆ ಸಿಕ್ಕಿತು. ಪ್ರಿಂಟರ್ ಮಧ್ಯಾಹ್ನವಿಡೀ ಕಿರುಗುಟ್ಟಿತು, ಬೈಂಡಿಂಗಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊಲಿದುಕೊಟ್ಟರು, ಡಾಕ್ಟರಿಗೆ ಬಸ್ಸು ಸಿಕ್ಕಿತು. ಮೇಡಂ ಮಾತ್ರ ಆ ದಿನ ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ. ಕೆಲಸ ಹೋಯಿತೆಂದೇ ಎಣಿಸಿದ್ದೆ. ಹೋಗಲಿಲ್ಲ.

ಮುಂದಿನ ವರ್ಷ ಡಾಕ್ಟರು ಪಾಸಾದ ಖುಷಿಗೆ ಪೇಡೆ ಹಿಡಿದು ಬಂದರು. ಹೊಸದೊಂದು ಲೇಖನ ಟೈಪ್ ಮಾಡಿಸಲಿಕ್ಕಿತ್ತು. ನಾನು ಹೊಸ ಫ್ಲಾಪಿಯನ್ನು ಫಾರ್ಮ್ಯಾಟಿಗೆ ಹಾಕಿದೆ. ಕಂಪ್ಯೂಟರ್ ಹೆಸರು ಕೇಳಿದಾಗ ಮೇಡಂ ನನ್ನನ್ನು ಪಕ್ಕಕ್ಕೆ ಸರಿಸಿ, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಅಂಜಲ್ ಎಂದು ಟೈಪ್ ಮಾಡಿದರು.